ಹಾರ್ನ್ ಯಾವ ಬಟನ್?

ಶಾರ್ಜಾದಿಂದ ಬಂದ ಪೆಟ್ಟಿಗೆಯನ್ನು ಟಿವಿಗೆ ಸಿಕ್ಕಿಸಿ
ಮಿದ್‌ಲಾಜ್ ಗೋಡೆಯಾಚೆಯಿಂದ ಕರೆದ:
ಐತಪ್ಪಣ್ಣ, ಬನ್ನಿ, ನಿಮ್ಮದೇ ಕೆಲಸ ಇದು,
ಒಳಗೆ ಕೂತು ಯಂತ್ರ ಓಡಿಸುವುದು.

ಭಾನುವಾರ. ಉಪ್ಪಳ ಕೈಕಂಬದಲ್ಲಿ
ಹೆದ್ದಾರಿಯ ಕೆಲಸಕ್ಕೆ ರಜೆ.
ನನ್ನ ಹಿಟಾಚಿ ಸರ್ವಿಸ್ ರೋಡಿನ ಬದಿಗೆ
ಬಕೆಟ್ಟನ್ನು ನೆಲಕ್ಕೂರಿ ಮಲಗಿತ್ತು,
ಮುಂಗಾಲ ಮೇಲೆ ಗಲ್ಲವಿಟ್ಟ ನಾಯಿಯ ಹಾಗೆ.
ಇದೂ ಜಪಾನಿನದ್ದೇ, ಅಂದ ಹುಡುಗ.
ಹಾಗಾದರೆ ನೆಂಟರೇ.

ಮೊದಲು ಹೆಸರು ಕೇಳಿತು.
ಆರೇ ಅಕ್ಷರಕ್ಕೆ ಜಾಗ, ಅದೂ ಇಂಗ್ಲಿಷಿನಲ್ಲಿ.
ಬಾಲ ಕತ್ತರಿಸಿ ‘ಐತಪ್’ ಆದೆ.
ರೇಷನ್ ಕಾರ್ಡಿನವರು ಮಲಯಾಳದಲ್ಲಿ
ಒಂದು ‘ನ್’ ಜಾಸ್ತಿ ಕೊಟ್ಟಿದ್ದರು,
ಇವರು ಕಿತ್ತುಕೊಂಡರು.
ಲೆಕ್ಕ ಸರಿಹೋಯ್ತು.

ಆಮೇಲೆ ಉಕ್ಕಿನ ಬಾಗಿಲು ಸರಿಯಿತು.
ಒಳಗೆ ನಿಂತಿತ್ತು
ಆರು ಮಾಳಿಗೆಯಷ್ಟು ಎತ್ತರ,
ಬೂದು ಮೈ, ಎಡಭುಜ ಮಾತ್ರ ಕೆಂಪು,
ಪೈಂಟು ಮುಗಿದುಹೋದ ಹಾಗೆ.
ನಾನು ನೋಡಿದ್ದು ಮೊಣಕಾಲಿನ ಪಿನ್ನು.
ಗ್ರೀಸಿನ ಒಂದು ಕಲೆಯೂ ಇಲ್ಲ ಮಾರಾಯ,
ಇಷ್ಟು ದೊಡ್ಡ ಜೀವ ಒಣಗಿದ ಕೀಲಲ್ಲಿ ನಡೆಯುತ್ತದಾ?
ಓಡಿಸುವವ ಯಾರು?
ಹದಿನಾಲ್ಕು ವರ್ಷದ ಹುಡುಗ, ಅಂದ ಮಿದ್‌ಲಾಜ್.
ಕಾರ್ಟೂನಿನಲ್ಲಿ ಮೂರನೇ ಸೀಸನ್ನಿಗೆ ಅವನ ಅಪ್ಪ ಸಾಯುತ್ತಾನಂತೆ.
ಲೈಸೆನ್ಸ್ ಉಂಟಾ ಅವನಿಗೆ?
ಮಿದ್‌ಲಾಜ್ ಸೋಫಾದಿಂದ ಕೆಳಗೆ ಬಿದ್ದು ನಕ್ಕ.

ಎರಡು ಹೆಬ್ಬೆರಳಿಗೆ ಎರಡು ಪುಟ್ಟ ಲಿವರು.
ಹದಿನಾರು ವರ್ಷದ ಕೈ, ಕೇಳುತ್ತದಾ?
ತೋಳೆತ್ತಲು ಬಲಗಡೆಯದನ್ನು ಹಿಂದಕ್ಕೆಳೆದೆ.
ತೋಳು ಏಳಲಿಲ್ಲ.
ಯಂತ್ರ ತಲೆ ತಗ್ಗಿಸಿ
ತನ್ನ ಕಾಲನ್ನೇ ನೋಡಿತು.

ಕಾಲ ಬುಡದಲ್ಲಿ ಒಂದು ಓಣಿ.
ಹೆಬ್ಬೆರಳುಗುರಿನಷ್ಟು ಅಂಗಡಿ, ಬೋರ್ಡು,
ಸ್ಟ್ಯಾಂಡು ಹಾಕಿದ ಸೈಕಲ್ಲು,
ಮಹಡಿಯಲ್ಲಿ ಒಣಗಲು ಹಾಕಿದ ಬಟ್ಟೆ:
ಎರಡು ಅಂಗಿ, ಒಂದು ಮಗುವಿನ ಚಡ್ಡಿ.
ಯಾರೋ ಕೂತು ಬಿಡಿಸಿದ್ದಾರೆ,
ಚಡ್ಡಿಗೆ ಗೆರೆ ಸಮೇತ.

ಮುಂದೆ ಹೋಗಿ, ಮುಂದೆ ಹೋಗಿ, ಶತ್ರು ಬಂದ!
ಹಾರ್ನ್ ಯಾವ ಬಟನ್?
ಹಾರ್ನ್ ಇಲ್ಲ ಐತಪ್ಪಣ್ಣ.
ಇಲ್ಲ ಅಂದರೆ?
ಗನ್ ಉಂಟು, ಕತ್ತಿ ಉಂಟು, ಭುಜದಲ್ಲಿ ಮಿಸೈಲು ಉಂಟು,
ಹಾರ್ನ್ ಇಲ್ಲ.

ಬಂದ್ಯೋಡಿನಲ್ಲಿ ಒಮ್ಮೆ
‘ಖಾಲಿ’ ಎಂದು ಕೆಂಪಕ್ಷರದಲ್ಲಿ ಬರೆದ ಕಟ್ಟಡ.
ಮೂರನೇ ಹಾರ್ನಿಗೆ ಒಳಗಿಂದ ಬಂದರು
ಟೈಲರ್ ಮೋಣುಚ್ಚ,
ಕತ್ತರಿ ಎತ್ತಿ ತೋರಿಸುತ್ತಾ:
ಸಿಕ್ಕಿತು, ಸಿಕ್ಕಿತು, ಇನ್ನು ಒಡಿ.
ಎರಡಕ್ಕೇ ನಿಲ್ಲಿಸಿದ್ದರೆ,
ಅಂತ ಈಗಲೂ ಅನ್ನ ಕಲಸುವಾಗ ನೆನಪಾಗುತ್ತದೆ.

ಇದನ್ನೆಲ್ಲ ಹೇಳುವಷ್ಟರಲ್ಲಿ
ಬೆನ್ನಿಗೆ ಮಿಸೈಲು ಬಿದ್ದು ನಾನು ಸತ್ತೆ.
ಹನ್ನೊಂದು ಸೆಕೆಂಡು.
ಈ ಊರಿನಲ್ಲಿ ಇಷ್ಟು ಬೇಗ ಸತ್ತವರಿಲ್ಲ, ಅಂದ ಹುಡುಗ.

ಎರಡನೇ ಸಲ
ಅವನೇ ನನ್ನ ಹೆಬ್ಬೆರಳು ಹಿಡಿದು ಒತ್ತಿಸಿದ.
ಬೆನ್ನಲ್ಲಿ ನೀಲಿ ಬೆಂಕಿ.
ಓಣಿ ಕೆಳಗಾಯಿತು, ಬಟ್ಟೆ ಕೆಳಗಾಯಿತು,
ಸಮುದ್ರ ಕಾಣಿಸಿತು, ನಮ್ಮ ಕಡಲಿನಂಥದ್ದಲ್ಲ,
ಆದರೂ ಕಡಲು.
ನನ್ನ ಬಾಯಿಂದ ಏನೋ ಸದ್ದು ಬಂತು,
ಅಡುಗೆಮನೆಯಿಂದ ಅವನ ಉಮ್ಮ ಇಣುಕಿದರು.
ಸುಳ್ಳು ಯಾಕೆ ಹೇಳಲಿ,
ಇಪ್ಪತ್ತೊಂದು ಟನ್ನಿನ ಒಳಗೆ ಕೂತೇ ಕಳೆದವನು,
ನೆಲ ಬಿಟ್ಟದ್ದು ಅದೇ ಮೊದಲು.

ಹೇಗುಂಟು?
ಕೈ ಒಳ್ಳೆಯದು. ಸ್ವಿಂಗ್ ಸ್ವಲ್ಪ ಜಾಸ್ತಿ ಚುರುಕು.
ಭಾರ ಇಲ್ಲ.
ನಡೆದರೆ ನೆಲಕ್ಕೆ ಗೊತ್ತೇ ಆಗುವುದಿಲ್ಲ,
ಗೋಡೆ ಬಿದ್ದರೆ ಧೂಳು ಎರಡೇ ಕ್ಷಣ,
ಮೂಗಿಗೆ ಬರುವುದಿಲ್ಲ.
ಬರುವ ಭಾನುವಾರ ಎಷ್ಟು ಗಂಟೆಗೆ ಬರಲಿ?

ಸೋಮವಾರ ಬೆಳಗ್ಗೆ ಏಳೂವರೆ.
ಸೀಟಿನ ಮೇಲೆ ಇಬ್ಬನಿ, ಟೀ ಕುಡಿದ ಲೋಟ.
ಕೀಲಿ ತಿರುಗಿಸಿ ಲಿವರು ಹಿಡಿದೆ,
ಎಡ ಹೆಬ್ಬೆರಳು ತಾನಾಗಿಯೇ
ಹಾರುವ ಬಟನ್ ಹುಡುಕಿತು.
ಅಲ್ಲಿದ್ದದ್ದು ಹಾರ್ನು.

ಒತ್ತಿದೆ.
ಅರ್ಧ ಉಳಿದ ಗೋಡೆಯ ಮೇಲಿಂದ
ಎರಡು ಕಾಗೆ ಹಾರಿದವು.
ಮೂರು ಸಲ ಪೂರ್ತಿ ಒತ್ತಿದೆ.