ಖಾಲಿ ಗಾಡಿಯ ತೂಕ

ಹನ್ನೆರಡು ಸಾಲಿನ ಹಾಳೆ,
ಸಾಲಿಗೆ ನಾಲ್ಕು ಚೌಕ,
'ಖಂಡಿತ ಇಲ್ಲ'ದಿಂದ 'ಖಂಡಿತ ಹೌದು' ತನಕ.
ಕೂಡಿದರೆ ಹೆಚ್ಚೆಂದರೆ ನಲವತ್ತೆಂಟು.
ಮೈಸೂರಿನ ಈ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ
ಒಂಬತ್ತು ಕುರ್ಚಿ, ಒಂಬತ್ತು ಬಾಟಲಿ.
ಹನಿ ಇಳಿಯುವ ಹೊತ್ತಿಗೆ
ನಾನು ಮನುಷ್ಯರ ಭರವಸೆ ಅಳೆಯುತ್ತೇನೆ.
ತಿಂಗಳಿಗೆ ಹದಿನಾರು ಸಾವಿರ.

ಮೊದಲ ಜಗಳ ಪದದ್ದೇ.
'ಆಸೆ' ಎಂದು ಬರೆದಿದ್ದೆ, ಗೈಡ್ ಹೊಡೆದು ಹಾಕಿದರು:
ಅದು ಒಡವೆಯಂಗಡಿಯ ಮಾತು.
'ನಿರೀಕ್ಷೆ' ಎಂದೆ. ಅದು ಬಸ್‌ಸ್ಟ್ಯಾಂಡಿನದು.
ಕೊನೆಗೆ ಉಳಿದದ್ದು ಈ 'ಭರವಸೆ'.
ಓದಿದೊಡನೆ ಮರಿಲಿಂಗಯ್ಯ ತಡೆದರು:
"ಭರವಸೆ ಅಂದ್ರೆ ಒಬ್ರು ಇನ್ನೊಬ್ರಿಗೆ ಕೊಡೋದು ಕನವ್ವ,
ಎಲೆಕ್ಸನ್ನಲ್ಲಿ ಕೊಡ್ತಾರಲ್ಲ, ಹಂಗೆ.
ನಂಗ್ಯಾರು ಕೊಟ್ಟವ್ರೆ? ಅದ ಮೊದ್ಲು ಬರ್ಕೊ."

ಮಂಡ್ಯದ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ
ಮೂವತ್ತೊಂದು ವರ್ಷ ಕಬ್ಬಿನ ಗಾಡಿ ತೂಗಿದವರು.
ಈಗ ಅನ್ನನಾಳದಲ್ಲಿ ಗಡ್ಡೆ. ಮುದ್ದೆ ಇಳಿಯದು,
ಗಂಜಿಗೂ ಎರಡೆರಡು ಸಲ ಕೇಳಿಕೊಳ್ಳಬೇಕು.

"ತುಂಬಿದ ಗಾಡೀನ ಒಂದ್ ಕಿತ ತೂಗ್ಬೇಕು,
ಕಬ್ಬು ಇಳಿಸಿ ಬಂದ್ಮೇಲೆ ಬರೀ ಗಾಡೀನ ಇನ್ನೊಂದ್ ಕಿತ.
ಕಳುದ್ರೆ ಉಳಿಯೋದೇ ಕಬ್ಬು.
ನೀನು ನನ್ನ ತುಂಬಿದ್ದಂಗೇ ತೂಗ್ತಾ ಇದ್ದೀಯ.
ಖಾಲಿ ಗಾಡಿ ತೂಗೋ ಹೊತ್ಗೆ
ನಾನೆಲ್ಲಿರ್ತೀನೋ, ನೀನೆಲ್ಲಿರ್ತೀಯೋ."
ಹಾಳೆಯಲ್ಲಿ ಇದಕ್ಕೆ ಚೌಕವಿರಲಿಲ್ಲ.
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗೀಚಿಕೊಂಡೆ.

ಪಕ್ಕದ ಕುರ್ಚಿಯಲ್ಲಿ ಉದಯಗಿರಿಯ ಶಾಕಿರಾ,
ಊದುಬತ್ತಿ ಹೊಸೆದ ಬೆರಳು ಇನ್ನೂ ಕಪ್ಪು.
"ಎರಡು ಹಾಕಿ ಮೇಡಂ. ಅದಕ್ಕೂ ಎರಡು. ಎಲ್ಲಕ್ಕೂ."
ಇಪ್ಪತ್ತನಾಲ್ಕು. ನನ್ನ ಕೋಷ್ಟಕದಲ್ಲಿ 'ಕಡಿಮೆ'.
ಸೂಜಿ ತೆಗೆದ ಮೇಲೆ ಚೀಲದಿಂದ
ಮಗಳ ಹೊಸ ಯೂನಿಫಾರಂ ತೆಗೆದು ತೋರಿಸಿದರು:
ಲಂಗದ ಅಂಚಲ್ಲಿ ನಾಲ್ಕು ಬೆರಳು ಬಟ್ಟೆ
ಒಳಕ್ಕೆ ಮಡಿಚಿ ಹೊಲಿದದ್ದು.
"ಉದ್ದ ಆಗ್ತಾಳೆ. ವರ್ಷಕ್ಕೊಂದು ಬೆರಳು ಬಿಚ್ತೀನಿ."
ಅಷ್ಟರಲ್ಲಿ ಅವರ ಹಾಳೆ ಫೈಲು ಸೇರಿತ್ತು.

"ಕಾಟ ಸರಿ ಅದಾ ನೋಡಿದ್ಯಾ?"
ಹೊರಡುವಾಗ ಮರಿಲಿಂಗಯ್ಯ ಕೂಗಿದರು.
"ದಿನಾ ಬೆಳಿಗ್ಗೆ ನಾವು ಗೊತ್ತಿರೋ ಕಲ್ಲು ಮಡಗಿ ನೋಡ್ತಿದ್ದೊ.
ನೀನೂ ಒಂದ್ ಕಿತ ಹತ್ತಿ ನಿಂತ್ಕೊ."

ಅವತ್ತು ರಾತ್ರಿ ಸರಸ್ವತಿಪುರಂನ ಹಾಸ್ಟೆಲ್ಲಿನಲ್ಲಿ
ನನಗೆ ನಾನೇ ಪ್ರಶ್ನೆ ಓದಿಕೊಂಡೆ.
ಏಳನೇ ಸಾಲು: 'ನಾಳೆ ನನಗಾಗಿ ಒಂದು ಕೆಲಸ ಕಾದಿದೆ.'
ಪೆನ್ನು ನಿಂತೇ ಇತ್ತು,
ಮೆಸ್ಸಿನಲ್ಲಿ ತಟ್ಟೆ ತೊಳೆಯುವ ಸದ್ದು ನಿಲ್ಲುವ ತನಕ.
ಕೂಡಿದೆ. ಇಪ್ಪತ್ತೊಂಬತ್ತು.
ಮತ್ತೆ ಕೂಡಿದೆ.
ಅವರದು ಮೂವತ್ತೆಂಟು.

ಮೂರು ವಾರಕ್ಕೆ ಬಂದರು.
ಅಂಗಿ ಅದೇ, ಒಳಗಿನವರು ಕಡಿಮೆಯಾಗಿದ್ದರು.
"ನಿಂದೆಷ್ಟು ಬಂತು?"
"ನಲವತ್ತು," ಎಂದೆ.
ನನ್ನ ಮುಖವನ್ನೇ ನೋಡಿದರು,
ಅಚ್ಚು ಕಿರುಗುಟ್ಟುವ ದನಿಯಲ್ಲೇ
ಗಾಡಿಯ ಕಳ್ಳತನ ಹಿಡಿಯುತ್ತಿದ್ದವರು.
"ಕಬ್ಬಿನ ಅಡೀಲಿ ಕಲ್ಲು ಮಡಗಿದ್ದೀಯ."
ನಕ್ಕರು. ನಗು ಗಂಟಲಲ್ಲಿ ಸಿಕ್ಕಿ ಕೆಮ್ಮಾಯಿತು.
ನೀರು ಕೊಟ್ಟೆ. ಒಂದು ಗುಟುಕು. ಇನ್ನೊಂದು ಅರ್ಧ.
"ಇರ್ಲಿ ಬುಡು. ಬರಿಗೈಲಿ ಹೋಗಬಾರ್ದು ಅಂತ್ಲೇ
ಎಲ್ಲ ಕಲ್ಲು ಮಡಗೋದು."

ಆಮೇಲೆ, ಕಣ್ಣು ಮುಚ್ಚಿಕೊಂಡೇ:
"ನಾಲೆಗೆ ನೀರು ಬುಟ್ರಾ?"
ನನಗೆ ಗೊತ್ತಿರಲಿಲ್ಲ.
"ಕೇಳಿಕೊಂಡು ಬಂದು ಬರೋ ಸರ್ತಿ ಹೇಳ್ತೀನಿ," ಎಂದೆ.

"ಬರೋ ಸರ್ತಿ," ಎಂದರು ಅವರು.
"ಹ್ಞೂ. ಅದ ಬರ್ಕೊ."