ಮುಚ್ಚಿದ ದಿನದ ಹಾಜರಿ

ಬೆಳಗಿನ ಜಾವ ಐದೂವರೆಗೆ ರೇಡಿಯೋ ಹೇಳಿತು:
ಕೌಂಟಿ ಕಚೇರಿ ಈ ದಿನ ತೆರೆಯುವುದಿಲ್ಲ.
ಸುಪೀರಿಯರ್ ಸರೋವರ ರಾತ್ರಿಯಿಡೀ
ಹೌಟನ್ನಿನ ಮೇಲೆ ಹಿಮ ಸುರಿದು
ಬೀದಿಯ ಕಾರುಗಳನ್ನೆಲ್ಲ ಒಂದೇ ಅಳತೆಯ ದಿಬ್ಬ ಮಾಡಿತ್ತು,
ಯಾರದು ಹಳತು, ಯಾರದಕ್ಕೆ ಕಂತು ಬಾಕಿ
ಒಂದೂ ತಿಳಿಯದಂತೆ.

ಮೂರು ದಿನ ಹಾಗೇ.
ಶುಕ್ರವಾರ ಬಂದೆ. ಕೋಟು ಒದರಿ,
ಬೂಟಿನ ಸುತ್ತ ಸಣ್ಣ ಕೆರೆ ಕಟ್ಟಿಕೊಂಡು ಕೂತೆ.
ಮೇಜಿನ ಮೇಲೆ ನೂರ ಹದಿನಾಲ್ಕು ಹಾಜರಿ ಚೀಟಿ.
ಸೋಮವಾರ ಸಂಬಳ.
ಹಿಮಕ್ಕೆ ನಿಯಮವಿಲ್ಲ; ನಮಗಿದೆ, ಒಂಬತ್ತು ಪುಟ.

ಮುಚ್ಚಿದ ದಿನ ಮನೆಯಲ್ಲಿದ್ದ ಕಾಯಂನವರಿಗೆ ಪೂರ್ತಿ ಸಂಬಳ.
(ನಾನೂ ಅವರಲ್ಲೊಬ್ಬಳು. ರಾತ್ರಿಯುಡುಪಲ್ಲೇ ಕೂತು
ಚಿತ್ರದ ತುಂಡು ಜೋಡಿಸಿ ದುಡಿದೆ.)
ಬರಲೇಬೇಕಾದವರು ಬಂದರೆ ಒಂದೂವರೆ ಪಾಲು,
ಬರದಿದ್ದರೆ ಗೈರು.
ಮೊದಲೇ ರಜೆ ಬರೆದವರಿಗೆ ರಜೆ ರಜೆಯೇ,
ಬಾಗಿಲು ಮುಚ್ಚಿತೆಂದು ವಾಪಸು ಬರುವುದಿಲ್ಲ.
ದಿನಗೂಲಿಯವರಿಗೆ, ಆರನೇ ಪುಟದ ಕೊನೆಯ ಸಾಲು,
ಇಲ್ಲ.

ಅಡುಗೆಮನೆಯ ಹುಡುಗ ಡ್ವೇನ್‌ಗೆ ರೇಡಿಯೋ ಇಲ್ಲ.
ಎರಡು ಮೈಲಿ ನಡೆದು ಬಂದು, ಬೀಗ ನೋಡಿ,
ಎರಡು ಮೈಲಿ ನಡೆದು ಹೋದ.
ಚೀಟಿಯಲ್ಲಿ ಅದನ್ನೇ ಬರೆದಿದ್ದಾನೆ: ಬಂದೆ. ಹೋದೆ.
ಇದಕ್ಕೆ ಯಾವ ಕಲಮೂ ಇಲ್ಲ.

ಆರ್ವೋ ಹೈಕಿಲನ ಚೀಟಿ ಹೊಗೆ ಹಿಡಿದಿತ್ತು.
ವೃದ್ಧರ ಆಸ್ಪತ್ರೆಯ ಬಾಯ್ಲರಿನವನು.
ಮಂಗಳವಾರ ಬೆಳಿಗ್ಗೆ ಆರರಿಂದ
ಶುಕ್ರವಾರ ಬೆಳಿಗ್ಗೆ ಆರರ ತನಕ;
ಬದಲಿಗೆ ಬರಬೇಕಾದವನ ದಾರಿಯೇ ಇರಲಿಲ್ಲ.
ಎಪ್ಪತ್ತೆರಡು ಗಂಟೆ.
ಪಕ್ಕದಲ್ಲಿ ಮೇಲಧಿಕಾರಿಯ ಕೆಂಪು ಪೆನ್ಸಿಲ್ಲು:
‘ನಿದ್ದೆ ಕಳೆಯಿರಿ.’

ನಿದ್ದೆ ಕೆಲಸವಲ್ಲ, ಸರಿ.
ಆದರೆ ಏಳನೇ ಪುಟ ಹೇಳುತ್ತದೆ,
ಐದು ಗಂಟೆ ಒಂದೇ ಸಮ ಮಲಗಿದ್ದರೆ ಮಾತ್ರ.
ಫೋನು ಮಾಡಿದೆ. ಹೆಂಡತಿ ಸೌನಾದಿಂದ ಎಬ್ಬಿಸಿ ತಂದಳು.
ಆರ್ವೋ, ಮಲಗಿದ್ದೆಯಾ?
ಮಲಗಿದ್ದೆ.
ಎಷ್ಟು ಹೊತ್ತು?
ಸಾಕಾಗುವಷ್ಟು.
ಕಡ್ಡಿ ಮುರಿದ ಹಾಗೆ. ಈ ಜನಕ್ಕೆ
ಪ್ರಾಮಾಣಿಕತೆ ಒಂದು ಹಳೇ ಕಾಯಿಲೆ,
ಅಪ್ಪನಿಂದ ಮಗನಿಗೆ.

ಬಾಯ್ಲರಿನ ದಾಖಲೆ ಪುಸ್ತಕ ತರಿಸಿದೆ.
ಪುಟದ ಅಂಚಲ್ಲಿ ಹೆಬ್ಬೆರಳ ಮಸಿ.
ಹನ್ನೊಂದೂ ನಲವತ್ತು: ಒತ್ತಡ ಸರಿ.
ಒಂದೂ ಹತ್ತು: ಸರಿ.
ಮೂರೂ ಐದು: ಪಂಪು ಕೆಮ್ಮಿತು, ತಟ್ಟಿದೆ, ಸರಿ.
ನಾಲ್ಕೂ ಐವತ್ತು.
ಮೂರು ರಾತ್ರಿಯೂ ಇದೇ ಕೈಬರಹ,
ಕೊನೆಯ ರಾತ್ರಿ ಅಕ್ಷರ ಸಾಲು ಬಿಟ್ಟು
ಕೆಳಗಿಳಿಯುತ್ತ ಹೋಗಿದೆ.
ಮೇಲಿನ ಮಹಡಿಯಲ್ಲಿ ಅರವತ್ತು ಮುದುಕರು
ಚಳಿಯಿದೆಯೆಂದೇ ತಿಳಿಯದೆ ನಿದ್ರಿಸಿದರು.
ಅವರ ನಿದ್ದೆಯನ್ನು ಇವನ ಲೆಕ್ಕಕ್ಕೆ ಹಾಕಬಹುದಿತ್ತು;
ಪುಟ ಹಾಗನ್ನುವುದಿಲ್ಲ.
ಎರಡು ಗಂಟೆ ಮೀರಿದ ಬಿಡುವು ಎಲ್ಲೂ ಸಿಗಲಿಲ್ಲ.
ಕೆಂಪು ಗುರುತು ಒರೆಸಿ, ಎಪ್ಪತ್ತೆರಡು,
ಶಾಯಿಯಲ್ಲಿ.

ಕೈಗೆ ಧೈರ್ಯ ಬಂದಿತ್ತು.
ಡ್ವೇನ್ ಚೀಟಿಗೆ ಬರೆದೆ: ಎರಡು ಗಂಟೆ, ಹಿಮ ಸರಿಸಿದ್ದು.
ನಾಲ್ಕು ಮೈಲಿ ನಡೆದ ಕಾಲು
ಒಂದಿಷ್ಟು ಸರಿಸಿರಲೇಬೇಕಲ್ಲ.

ಕೊನೆಗೆ ಉಳಿದದ್ದು ವರ್ನಾ ಬೋಡ್ರಿ.
ತಾಯಿಯ ಅಂತ್ಯಕ್ರಿಯೆಗೆಂದು
ಆ ಮೂರು ದಿನವನ್ನೇ ರಜೆ ಬರೆದವಳು.
ಪಾದ್ರಿ ಬರಲಾಗಲಿಲ್ಲ, ವ್ಯಾನು ಹೊರಡಲಿಲ್ಲ,
ಶವ ಕಾಯುತ್ತಿದೆ. ರಜೆ ಖರ್ಚಾಗಿದೆ.
ಅವಳು ಅಳಲಿಲ್ಲ, ಫೋನಿನಲ್ಲಿ ಕೇಳಿದಳು ಅಷ್ಟೇ:
ಮುಂದಿನ ವಾರ ಅಮ್ಮನನ್ನು
ಯಾವ ಲೆಕ್ಕದಲ್ಲಿ ಹೂಳಲಿ?

ಒಂಬತ್ತು ಪುಟ ಎರಡು ಸಲ ಓದಿದೆ.
ನೇಗಿಲ ಲಾರಿ ಬೀದಿಯ ಹಿಮವನ್ನೆಲ್ಲ
ನನ್ನ ಕಾರಿನ ಮೇಲೆ ಹಾಕಿ ಹೋಯಿತು.
ಚೀಟಿ ಇನ್ನೂ ಕಾಫಿ ಮಗ್ಗಿನ ಕೆಳಗಿದೆ,
ಗಂಟೆಯ ಕಲಮಿನಲ್ಲಿ
ದುಂಡನೆಯ ಒದ್ದೆ ಕಲೆ.