ಕಲ್ಲಿದ್ದಲ ತುಂಡು

ಡರ್ಹಮ್. ಹೊಸ ವರ್ಷಕ್ಕೆ ಐದು ನಿಮಿಷವಿದ್ದಾಗ
ವಿಲ್ಫ್ ಗಾರ್ತ್‌ವೇಟ್ ನನ್ನನ್ನು ಮನೆಯಾಚೆ ನೂಕಿದ:
ಕಪ್ಪುಗೂದಲವನೇ ಮೊದಲು ಹೊಸ್ತಿಲು ದಾಟಬೇಕಂತೆ,
ಅವರದೆಲ್ಲ ನರೆತಿದೆ, ಇಲ್ಲವೆ ಉದುರಿದೆ.
ಕೈಯಲ್ಲೊಂದು ಕಲ್ಲಿದ್ದಲ ತುಂಡು,
ಗಣಿ ಮುಚ್ಚಿದ ವರ್ಷದ್ದು.
ಹಿಮದಲ್ಲಿ ಕಾಲು ಬದಲಿಸುತ್ತ ನಿಂತೆ.
ಒಳಗೆ ಎಣಿಸುತ್ತಿದ್ದರು.
ಬಲಗಾಲಿಟ್ಟೆ; ಅದೊಂದು ಮಾತ್ರ ನನ್ನದು.
ಎಡಿತ್ ಅಜ್ಜಿ ಯಾಕೋ ಅತ್ತಳು,
ತುಂಡು ಒಡೆದು ಅರ್ಧ ಒಲೆಗೆ,
ಅರ್ಧ ನನ್ನ ಜೇಬಿಗೆ.

ಆರನೆಯ ದಿನ, ಫೆರಾರಾದ ಮಂಜಿನಲ್ಲಿ
ಕೋಟು ಕೊಡವಿದರೆ ಅದು ಉರುಳಿತು.
ಬೇಕರಿಯ ಜಿನೆವ್ರಾ ಬಾಯಿಗೆ ಕೈ ಹಿಡಿದು ನಕ್ಕಳು:
ನಿನ್ನೆ ರಾತ್ರಿ ಪೊರಕೆಯೇರಿ ಬಂದ ಮುದುಕಿ
ತಂಟೆಕೋರರಿಗಷ್ಟೇ ಇದನ್ನು ಕೊಡೋದು.
"ಏನು ತಪ್ಪು ಮಾಡಿದೆ?"

ಹೇಳಲು ನನ್ನ ಇಟಾಲಿಯನ್ ಸಾಲದು.
ಹೆಬ್ಬೆರಳು ಕಪ್ಪಾಗಿತ್ತು,
ಕಾಫಿ ಲೋಟಕ್ಕೂ ಗುರುತು ಹತ್ತಿತು.